ಕಣ್ಣಿಗೆ ಯಾರ ಹತ್ತಿರ ಹೋಗಬೇಕು ಅಂತ ಒಂದು ಬೋರ್ಡು ಹಾಕಿಸಿ: ಚಿಕ್ಕಬಳ್ಳಾಪುರ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ಶಿಡ್ಲಘಟ್ಟದಿಂದ ನಮಸ್ಕಾರ. ನಾನು ಇಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಟೈಲರ್. ನಮ್ಮಮ್ಮ ಇಪ್ಪತ್ತೆಂಟು ವರ್ಷ ರೀಲಿಂಗ್, ಅಂದರೆ ರೇಷ್ಮೆ ಗೂಡಿನಿಂದ ದಾರ ತೆಗೆಯುವ ಕೆಲಸ ಮಾಡಿದವರು. ನಾನು ಸೂಜಿಗೆ ದಾರ ಪೋಣಿಸಿ ಬದುಕುತ್ತೇನೆ, ಅವರು ಗೂಡಿನಿಂದ ಎಳೆ ತೆಗೆದು ನನ್ನನ್ನು ಓದಿಸಿದರು. ಕಣ್ಣಿಲ್ಲದೆ ನಮ್ಮ ಮನೆಯಲ್ಲಿ ಒಲೆ ಉರಿಯೋದಿಲ್ಲ.

ನನ್ನ ಬೇಡಿಕೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಹೊಸ ಆಸ್ಪತ್ರೆ ಕಟ್ಟಿಸಿ ಅಂತ ಕೇಳುತ್ತಿಲ್ಲ. ಕಣ್ಣಿಗೆ ಏನಾದರೆ ಯಾರ ಹತ್ತಿರ ಹೋಗಬೇಕು, ಯಾವುದಕ್ಕೆ ಕನ್ನಡಕದ ಅಂಗಡಿ ಸಾಕು, ಯಾವುದಕ್ಕೆ ಸಾಲದು ಅಂತ ನಮಗೆ ಅರ್ಥವಾಗುವ ಮಾತಿನಲ್ಲಿ ಬರೆದ ಒಂದು ಬೋರ್ಡು ಬೇಕು. ಇಷ್ಟು ಸಣ್ಣ ವಿಷಯಕ್ಕೆ ಬಹಿರಂಗ ಪತ್ರ ಯಾಕೆ ಅಂತ ನಿಮಗೆ ಅನ್ನಿಸಬಹುದು. ಅಮ್ಮನ ವಿಷಯ ಓದಿ, ಆಮೇಲೆ ಹೇಳಿ.

ರೀಲಿಂಗ್ ಮನೆಯೊಳಗೆ ಒಂದು ಸಲ ನಿಂತು ನೋಡಿದವರಿಗೆ ಆ ಕೆಲಸ ಗೊತ್ತು. ಬಿಸಿನೀರಿನ ಬೇಸಿನ್‌ನಲ್ಲಿ ಬೆಂದ ಗೂಡುಗಳು ತೇಲುತ್ತಿರುತ್ತವೆ. ಒಂದೊಂದು ಗೂಡಿನಿಂದ ಕೂದಲಿಗಿಂತ ಸಣ್ಣ ಎಳೆ ಮೇಲೆ ಏಳುತ್ತದೆ. ಎಂಟು ಹತ್ತು ಗೂಡಿನ ಎಳೆ ಸೇರಿದರೆ ಒಂದು ದಾರ. ಒಂದು ಗೂಡು ಮುಗಿದ ಕೂಡಲೇ ಇನ್ನೊಂದರ ಎಳೆ ಎತ್ತಿ ಹಚ್ಚಬೇಕು. ತಡವಾದರೆ ದಾರ ತೆಳ್ಳಗಾಗುತ್ತದೆ, ದಾರ ತೆಳ್ಳಗಾದರೆ ರೇಟು ಬೀಳುತ್ತದೆ. ಗೂಡಿನ ಬಣ್ಣವೇ ಎಳೆಗೆ, ಎಳೆಯ ಬಣ್ಣವೇ ನೊರೆಗೆ, ಅದರ ಮೇಲೆ ಹಬೆ. ಅದರೊಳಗೆ ಯಾವ ಎಳೆ ಕಡಿದಿದೆ ಅಂತ ಕಂಡುಹಿಡಿಯಬೇಕು.

ಅಮ್ಮನಿಗೆ ನಲವತ್ಮೂರು ತುಂಬಿದಾಗ ಎಳೆ ಮಸುಕಾಯಿತು. ಅದು ಚಾಳೀಸು. ನಲವತ್ತರ ಆಸುಪಾಸಿನಲ್ಲಿ ಕಣ್ಣೊಳಗಿನ ಮಸೂರ ಗಡುಸಾಗುತ್ತಾ ಬಂದು ಹತ್ತಿರದ್ದು ಸರಿಯಾಗಿ ಕಾಣೋದಿಲ್ಲ. ಎಲ್ಲರಿಗೂ ಬರುವಂಥದ್ದು, ಹೆದರುವಂಥದ್ದಲ್ಲ. ಅಮ್ಮ ಸಂತೆಗೆ ಹೋಗಿ ತಳ್ಳುಗಾಡಿಯಿಂದ ಒಂದು ಕನ್ನಡಕ ತಂದರು. ಹಾಕಿಕೊಂಡು ಪೇಪರ್ ಓದಿದರು, ಅಕ್ಷರ ಕಂಡಿತು, ಖುಷಿಯಾದರು.

ಆದರೆ ಪೇಪರ್ ಹಿಡಿಯೋದು ಕಣ್ಣಿನಿಂದ ಒಂದು ಅಡಿ ದೂರದಲ್ಲಿ. ಬೇಸಿನ್ ಇರೋದು ಎರಡು ಅಡಿ ದೂರದಲ್ಲಿ. ಓದುವ ಕನ್ನಡಕ ಹಾಕಿದರೆ ಬೇಸಿನ್ ಮಸುಕು. ಅದಕ್ಕೆ ಅಮ್ಮ ಬಗ್ಗಿದರು. ದಿನಾ ಎಂಟು ಗಂಟೆ ಬಿಸಿನೀರಿನ ಮೇಲೆ ಮುಖ ಇಟ್ಟುಕೊಂಡು ಕೂತರು. ಗದ್ದದ ಹತ್ತಿರ ಚರ್ಮ ಯಾವಾಗಲೂ ಕೆಂಪು. ಹಬೆಗೆ ಗ್ಲಾಸು ಮಂಜಾದಾಗೆಲ್ಲ ಸೆರಗಿನಲ್ಲಿ ಒರೆಸಿ ಒರೆಸಿ ಗ್ಲಾಸಿನ ತುಂಬಾ ಗೀರು. ಆ ಕನ್ನಡಕ ಈಗಲೂ ನನ್ನ ಮೆಷಿನ್ನಿನ ಡ್ರಾಯರಿನಲ್ಲಿದೆ. ಬೆಳಕಿಗೆ ಹಿಡಿದರೆ ಜೇಡರ ಬಲೆಯ ಹಾಗೆ ಕಾಣುತ್ತದೆ. "ನೀವು ಮಾಡೋ ಕೆಲಸ ಕಣ್ಣಿನಿಂದ ಎಷ್ಟು ದೂರದಲ್ಲಿರುತ್ತೆ?" ಅಂತ ಒಬ್ಬರು ಕೇಳಿದ್ದರೆ ಇಷ್ಟು ವರ್ಷದ ಕತ್ತುನೋವು ತಪ್ಪುತ್ತಿತ್ತು. ಎರಡು ಅಡಿಗೆ ಬೇಕಾದ ಪವರ್ ಬೇರೆ. ಅದನ್ನು ಲೆಕ್ಕ ಹಾಕಿ ಕೊಡೋದು ಕಣ್ಣು ಪರೀಕ್ಷೆ ಮಾಡೋದನ್ನು ಓದಿದವರಿಗೆ ಐದು ನಿಮಿಷದ ಕೆಲಸ.

ಸಂತೆಯ ಕನ್ನಡಕವನ್ನು ನಾನು ಬೈಯುವುದಿಲ್ಲ. ಎರಡೂ ಕಣ್ಣಿಗೆ ಒಂದೇ ಪವರ್ ಬೇಕಿದ್ದವರಿಗೆ, ಓರೆ ನಂಬರ್ (ಸಿಲಿಂಡರ್ ಪವರ್) ಇಲ್ಲದವರಿಗೆ ಅದರಲ್ಲಿ ಓದಲು ಆಗುತ್ತದೆ, ಕಣ್ಣೂ ಕೆಡುವುದಿಲ್ಲ. ಕನ್ನಡಕ ಸಿಕ್ಕಿತಲ್ಲ ಅಂತ ಕಣ್ಣು ತೋರಿಸುವುದನ್ನೇ ಬಿಟ್ಟುಬಿಡುತ್ತೇವೆ, ತೊಂದರೆ ಅಲ್ಲಿಂದ ಶುರು.

ಐವತ್ತು ದಾಟಿದ ಮೇಲೆ ಅಮ್ಮ ಒಂದು ಕನ್ನಡಕದ ಅಂಗಡಿಗೆ ಹೋಗತೊಡಗಿದರು. ಕಂಪ್ಯೂಟರ್ ಟೆಸ್ಟ್ ಫ್ರೀ ಅಂತ ಬರೆದಿತ್ತು. ಮೆಷಿನ್ನಿಗೆ ಗದ್ದ ಕೊಟ್ಟರೆ ಒಂದು ಸಣ್ಣ ಚೀಟಿ ಬರುತ್ತದೆ, ಅದರ ಮೇಲೆ ಗ್ಲಾಸು ಮಾಡಿಕೊಡುತ್ತಾರೆ. ಎರಡು ವರ್ಷದಲ್ಲಿ ಮೂರು ಸಲ ಪವರ್ ಬದಲಾಯಿತು, ಮೂರು ಸಲ ಹೊಸ ಕನ್ನಡಕ ಮಾಡಿಸಿದೆವು. ಮಧ್ಯೆ ಎರಡು ಸಲ ಸುಮ್ನೆ ತೋರಿಸಿಕೊಂಡು ಬಂದಿದ್ದೆವು. ಪ್ರತಿ ಸಲವೂ ಗೋಡೆಯ ಮೇಲಿನ ಅಕ್ಷರವನ್ನು ಕೊನೆಯ ಸಾಲಿನವರೆಗೂ ಓದಿದರು. "ಕಣ್ಣು ಚೆನ್ನಾಗಿದೆಯಮ್ಮ, ವಯಸ್ಸಾಯ್ತಲ್ಲ" ಅಂದರು. ನಾವೂ ನಂಬಿದೆವು. ಅವರನ್ನು ನಾವು ಕರೆಯುತ್ತಿದ್ದದ್ದೇ ಕಣ್ಣಿನ ಡಾಕ್ಟ್ರು ಅಂತ.

ಅದೇ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಏನೋ ನಡೆಯುತ್ತಿತ್ತು. ಅಮ್ಮನ ಎಡಭುಜ ಬಾಗಿಲಿನ ಚೌಕಟ್ಟಿಗೆ ಆಗಾಗ ತಗುಲುತ್ತಿತ್ತು. ಎಡಗಡೆ ಇಟ್ಟ ಕಾಫಿ ಲೋಟ ಉರುಳುತ್ತಿತ್ತು. ಬೇಸಿನ್ನಿನ ಎಡತುದಿಯಲ್ಲಿ ದಾರ ಕಡಿದರೆ ಪಕ್ಕದವರು ಕೂಗಿ ಹೇಳುವವರೆಗೂ ಗೊತ್ತಾಗುತ್ತಿರಲಿಲ್ಲ. "ಗ್ಯಾನ ಎಲ್ಲಿಟ್ಟಿದ್ದೀಯಮ್ಮ" ಅಂತ ನಾನೇ ಎಷ್ಟು ಸಲ ರೇಗಿದ್ದೇನೋ. ಈಗ ನೆನೆಸಿಕೊಂಡರೆ ಹೊಟ್ಟೆ ಕಿವುಚುತ್ತದೆ.

ಒಂದು ದಿನ ಶುಗರ್ ಮಾತ್ರೆಗೆ ಅಂತ ಸರ್ಕಾರಿ ಆಸ್ಪತ್ರೆಗೆ ಹೋದಾಗ ಅಲ್ಲಿನ ನೇತ್ರಾಧಿಕಾರಿ ಮೇಡಂ ಅಮ್ಮನನ್ನು ಕೂರಿಸಿ ಮಾತಾಡಿಸಿದರು. ಎರಡು ವರ್ಷದಲ್ಲಿ ಮೂರು ಕನ್ನಡಕ ಅಂತ ಕೇಳಿದ ತಕ್ಷಣ ಪೆನ್ನು ಕೆಳಗಿಟ್ಟರು. "ನಿಮ್ಮ ಮನೇಲಿ ಯಾರಿಗಾದರೂ ಕಣ್ಣು ಹೋಗಿತ್ತಾ?" ಅಂತ ಕೇಳಿದರು. ಅಜ್ಜನಿಗೆ ಹೋಗಿತ್ತು. ನಾವೆಲ್ಲ ಪೊರೆ ಅಂದುಕೊಂಡಿದ್ದೆವು. ಒಂದು ಕಣ್ಣು ಮುಚ್ಚಿಸಿ, ಪಕ್ಕದಲ್ಲಿ ಬೆರಳಾಡಿಸಿ, ಎಷ್ಟು ಬೆರಳು ಅಂತ ಕೇಳಿದರು. ಎಡಗಡೆಯ ಬೆರಳು ಅಮ್ಮನಿಗೆ ಕಾಣಲೇ ಇಲ್ಲ. ಅವತ್ತೇ ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ಬರೆದುಕೊಟ್ಟರು.

ಅಲ್ಲಿ ಕಣ್ಣಿನ ಒತ್ತಡ ನೋಡಿದರು. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಒಳಗಿನ ನರ ನೋಡಿದರು. ಮಿಣುಕುವ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತುವ ಪರೀಕ್ಷೆ ಮಾಡಿದರು. ಗ್ಲಾಕೋಮಾ ಅಂದರು. ಕಣ್ಣಿನ ನರ ನಿಧಾನಕ್ಕೆ ಸಾಯುವ ಕಾಯಿಲೆ. ಹೆಚ್ಚಿನವರಿಗೆ ನೋವಿಲ್ಲ, ಕಣ್ಣು ಕೆಂಪಾಗೋದಿಲ್ಲ. ಸಾಮಾನ್ಯವಾಗಿ ಅಂಚಿನಿಂದ ನೋಟ ಸವೆಯುತ್ತಾ ಬರುತ್ತದೆ, ನಡುವಿನದು ಕೊನೆಯವರೆಗೂ ಉಳಿದಿರುತ್ತದೆ. ಅದಕ್ಕೇ ಗೋಡೆಯ ಅಕ್ಷರ ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಚಾಳೀಸಿನ ಪವರ್ ಪದೇಪದೇ ಬದಲಾಗೋದು ಇದರ ಒಂದು ಲಕ್ಷಣವಂತೆ. ಅದನ್ನು ನಾವು ದುಡ್ಡು ಕೊಟ್ಟು ಮೂರು ಸಲ ಫ್ರೇಮಿಗೆ ಹಾಕಿಸಿಕೊಂಡಿದ್ದೆವು. ಈಗ ಅಮ್ಮ ದಿನಾ ರಾತ್ರಿ ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುತ್ತಾರೆ. ಜೀವನಪರ್ಯಂತ ಹಾಕಬೇಕು. ಉಳಿದಿರೋದನ್ನು ಕಾಪಾಡಬಹುದು, ಹೋಗಿರೋದು ವಾಪಸ್ ಬರೋದಿಲ್ಲ. ರೀಲಿಂಗ್ ನಿಂತಿತು.

ಎರಡು ವರ್ಷದಲ್ಲಿ ಐದು ಸಲ ಅಮ್ಮನ ಕಣ್ಣು ಪರೀಕ್ಷೆ ಆಗಿತ್ತು. ಐದು ಸಲವೂ ಕನ್ನಡಕಕ್ಕಾಗಿ. ಕಣ್ಣಿನ ಒಳಗೆ ಒಬ್ಬರೂ ನೋಡಿರಲಿಲ್ಲ. ಇವೆರಡೂ ಬೇರೆ ಬೇರೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಅಂಗಡಿಯವರು ಮೋಸಗಾರರಲ್ಲ, ಅವರಿಗೆ ಗೊತ್ತಿದ್ದ ಕೆಲಸ ಮಾಡಿದರು. ಆದರೆ "ಇದಕ್ಕಿಂತ ಮುಂದಿನದು ನನಗೆ ಗೊತ್ತಿಲ್ಲ, ಡಾಕ್ಟರ್ ಹತ್ತಿರ ಹೋಗಿ" ಅಂತ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಅದು ತಪ್ಪು.

ಈಗ ಮಾತಿನ ವಿಷಯಕ್ಕೆ ಬರುತ್ತೇನೆ. ಆಪ್ಟಿಷಿಯನ್, ಆಪ್ಟೋಮೆಟ್ರಿಸ್ಟ್, ಆಫ್ತಾಲ್ಮಾಲಜಿಸ್ಟ್. ಮೂರೂ 'ಆ'ಯಿಂದ ಶುರುವಾಗುತ್ತವೆ, ಮೂರನ್ನೂ ಬೋರ್ಡಿನಲ್ಲಿ ಇಂಗ್ಲಿಷ್‌ನಲ್ಲೇ ಬರೆದಿರುತ್ತಾರೆ. ಅದನ್ನು ನೋಡಿ ಯಾರು ಯಾರು ಅಂತ ನಮ್ಮಮ್ಮ ಹೇಗೆ ತಿಳಿದುಕೊಳ್ಳಬೇಕು? ಪಿಯುಸಿ ಓದಿದ ನನಗೇ ಮಿಂಟೋದಲ್ಲಿ ಒಬ್ಬ ನರ್ಸ್ ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು. ಆಪ್ಟಿಷಿಯನ್ ಅಂದರೆ ಬರೆದುಕೊಟ್ಟ ಪವರ್‌ಗೆ ಗ್ಲಾಸು ಕೂರಿಸಿ, ಫ್ರೇಮು ಮುಖಕ್ಕೆ ಹೊಂದಿಸಿ ಕೊಡುವವರು. ಆಪ್ಟೋಮೆಟ್ರಿಸ್ಟ್ ನಾಲ್ಕು ವರ್ಷದ ಡಿಗ್ರಿ ಓದಿ, ಪವರ್ ಕಂಡುಹಿಡಿಯುವವರು. ಕಣ್ಣಿನಲ್ಲಿ ಕಾಯಿಲೆಯ ಸುಳಿವು ಕಂಡರೆ ಮುಂದಕ್ಕೆ ಕಳಿಸುವವರೂ ಅವರೇ. ಆಫ್ತಾಲ್ಮಾಲಜಿಸ್ಟ್ ಎಂಬಿಬಿಎಸ್ ಮುಗಿಸಿ ಮತ್ತೆ ಕಣ್ಣಿನ ಬಗ್ಗೆಯೇ ಓದಿದ ವೈದ್ಯರು. ಕಾಯಿಲೆಗೆ ಔಷಧಿ, ಆಪರೇಷನ್ ಎಲ್ಲ ಅವರ ಕೆಲಸ. ಸರ್ಕಾರಿ ಆಸ್ಪತ್ರೆಯ ನೇತ್ರಾಧಿಕಾರಿಗಳು ಡಾಕ್ಟರ್ ಅಲ್ಲ, ಆದರೆ ಪವರ್ ನೋಡುತ್ತಾರೆ, ಯಾರನ್ನು ಎಲ್ಲಿಗೆ ಕಳಿಸಬೇಕು ಅಂತ ಅವರಿಗೆ ಗೊತ್ತು. ನನ್ನ ಮಟ್ಟಿಗೆ ಇಡೀ ಜಿಲ್ಲೆಯಲ್ಲಿ ಅತಿ ಮುಖ್ಯವಾದ ಕುರ್ಚಿ ಅವರದ್ದೇ. ಅಂಥವರೊಬ್ಬರು ತಾಲ್ಲೂಕು ಆಸ್ಪತ್ರೆಯಲ್ಲಿ ಇದ್ದಾರೆ ಅಂತಲೇ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇದರ ಉಲ್ಟಾ ಕೂಡ ಆಗುತ್ತದೆ. ನಮ್ಮ ಪಕ್ಕದ ಮನೆಯವರು ಬರೀ ಓದುವ ಕನ್ನಡಕಕ್ಕೆ ಅಂತ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋಗಿ ಬೆಳಗ್ಗೆಯಿಂದ ಸಂಜೆವರೆಗೆ ಕೂತು ಬಂದರು. ಒಂದು ದಿನದ ಕೂಲಿ ಹೋಯಿತು. ಕೊನೆಗೆ ಅವರ ಕಣ್ಣು ನೋಡಿ ಪವರ್ ಬರೆದದ್ದು ಅಲ್ಲಿನ ಆಪ್ಟೋಮೆಟ್ರಿಸ್ಟೇ.

2021ರಲ್ಲಿ ಕೇಂದ್ರ ಸರ್ಕಾರ ತಂದ ಕಾಯ್ದೆಯಲ್ಲಿ ಆಪ್ಟೋಮೆಟ್ರಿಸ್ಟರೂ ಸೇರಿದ್ದಾರೆ. ವೈದ್ಯರಿಗೆ ಇರುವ ಹಾಗೆ ಅವರಿಗೂ ನೋಂದಣಿ ಇರಬೇಕು ಅನ್ನುತ್ತದೆ ಆ ಕಾಯ್ದೆ. ಹಾಗಿದ್ದ ಮೇಲೆ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವರು ಯಾರು, ಏನು ಓದಿದ್ದಾರೆ ಅಂತ ಕನ್ನಡದಲ್ಲಿ ಬರೆದು ಹಾಕಿ ಅಂತ ನೀವು ಹೇಳಬಹುದು, ಅಲ್ವಾ? ಹೋಟೆಲಿನಲ್ಲಿ ಇಡ್ಲಿಯ ರೇಟು ಬರೆದು ಹಾಕಿರುತ್ತಾರೆ. ಕಣ್ಣು ನೋಡುವವರ ಓದು ಬರೆದು ಹಾಕೋದರಲ್ಲಿ ಕಷ್ಟ ಏನಿದೆ?

ಜೊತೆಗೆ ಚೀಟಿ. ಪರೀಕ್ಷೆ ಆದ ಮೇಲೆ ಪವರ್ ಬರೆದ ಚೀಟಿಯನ್ನು ಕೇಳದೆಯೇ ಕೈಗೆ ಕೊಡಬೇಕು. ಎಷ್ಟೋ ಕಡೆ ಅದನ್ನು ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತಾರೆ. ಅಮ್ಮನ ಮೂರು ಚೀಟಿ ನಮ್ಮ ಕೈಯಲ್ಲಿದ್ದಿದ್ದರೆ, ಪಕ್ಕಪಕ್ಕ ಇಟ್ಟು ನೋಡಿದ ಯಾವ ಡಾಕ್ಟರಿಗಾದರೂ ಅನುಮಾನ ಬರುತ್ತಿತ್ತು. ಆ ಮೆಷಿನ್ನಿನ ಬಗ್ಗೆಯೂ ಜನಕ್ಕೆ ಹೇಳಬೇಕು. ಅದು ಒಂದು ಅಂದಾಜು ಕೊಡುತ್ತದೆ, ಅಷ್ಟೇ. ಆಮೇಲೆ ಟ್ರಯಲ್ ಫ್ರೇಮು ಹಾಕಿ, ಒಂದೊಂದೇ ಗ್ಲಾಸು ಬದಲಿಸುತ್ತಾ "ಈಗ ಹೇಗಿದೆ, ಮುಂಚೆ ಚೆನ್ನಾಗಿತ್ತಾ ಈಗ ಚೆನ್ನಾಗಿದೆಯಾ" ಅಂತ ಕೇಳಬೇಕು. ಎರಡು ಪಾಪೆಗಳ ನಡುವಿನ ಅಂತರವನ್ನು ಸ್ಕೇಲಿಟ್ಟು ಅಳೆಯಬೇಕು, ಗ್ಲಾಸಿನ ನಡುಮಧ್ಯ ಪಾಪೆಯ ಎದುರಿಗೇ ಬರಬೇಕಲ್ಲ. ನಾನು ರವಿಕೆಗೆ ಅಳತೆ ತಗೊಳ್ಳುವ ಹಾಗೆ. ಒಂದು ಇಂಚು ತಪ್ಪಿದರೆ ತೋಳು ಹಿಡಿಯುತ್ತದೆ, ಇಲ್ಲಿ ಕೆಲವೇ ಮಿಲಿಮೀಟರು ತಪ್ಪಿದರೆ ತಲೆನೋವು ಬರುತ್ತದೆ. ಹೊಸ ಕನ್ನಡಕ ಹಾಕಿ ವಾರವಾದರೂ ನೆಲ ಏರಿಳಿದ ಹಾಗೆ ಅನ್ನಿಸಿದರೆ "ಅಭ್ಯಾಸ ಆಗುತ್ತೆ" ಅಂತ ಸುಮ್ಮನಿರಬಾರದು, ವಾಪಸ್ ಹೋಗಿ ತೋರಿಸಬೇಕು.

ಇನ್ನು ಬೋರ್ಡಿನಲ್ಲಿ ಏನಿರಬೇಕು ಅಂತ. ನಲವತ್ತರ ಮೇಲೆ ಹತ್ತಿರದ್ದು ಕಾಣದಿದ್ದರೆ ಆಪ್ಟೋಮೆಟ್ರಿಸ್ಟ್ ಅಥವಾ ನೇತ್ರಾಧಿಕಾರಿ ಸಾಕು. ಆದರೆ ಕಣ್ಣಿನ ಒತ್ತಡ ಮತ್ತು ನರ ನೋಡಿಸಿ ಅಂತ ಅಲ್ಲೇ ಕೇಳಬೇಕು. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ನೇರ ಕಣ್ಣಿನ ವೈದ್ಯರ ಹತ್ತಿರವೇ ಹೋಗಬೇಕು. ಅಮ್ಮನಿಗೆ ಬಂದ ಮೇಲೆ ನಾನೂ ನನ್ನ ತಮ್ಮನೂ ವರ್ಷಕ್ಕೊಮ್ಮೆ ಹೋಗುತ್ತೇವೆ. ಶುಗರ್ ಇರುವವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಂದು ಸಲ ಪಾಪೆ ಅಗಲ ಮಾಡಿಸಿ ಒಳಪರದೆ ತೋರಿಸಬೇಕು. ಶುಗರ್ ಏರಿಳಿಯುತ್ತಿರುವಾಗ ಕಣ್ಣಿನ ಪವರ್ ಕೂಡ ಏರಿಳಿಯುತ್ತದೆ, ಆಗ ಕನ್ನಡಕ ಮಾಡಿಸಿದರೆ ದುಡ್ಡು ದಂಡ. ಅಜ್ಜಿಯೊಬ್ಬರು ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆ ಪಂಚಾಂಗ ಓದತೊಡಗಿದರೆ ಮನೆಯವರೆಲ್ಲ ಸಂತೋಷಪಡುತ್ತಾರೆ. ಎಷ್ಟೋ ಸಲ ಅದು ಪೊರೆ ಬಲಿಯುತ್ತಿರುವ ಗುರುತು.

ಮಕ್ಕಳ ವಿಷಯವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ಮಗುವಿಗೆ ಮೊದಲ ಸಲ ಕನ್ನಡಕ ಅಂದರೆ ಅಂಗಡಿಯ ಮೆಷಿನ್ ಸಾಲದು. ಮಕ್ಕಳ ಕಣ್ಣು ತಾನೇ ಬಿಗಿದುಕೊಂಡು ಇಲ್ಲದ ಮೈನಸ್ ಪವರ್ ತೋರಿಸುತ್ತದೆ. ಅದಕ್ಕೇ ಡ್ರಾಪ್ಸ್ ಹಾಕಿ ನೋಡುತ್ತಾರೆ. ಮೆಳ್ಳಗಣ್ಣು ಇದ್ದರೆ "ಅದೃಷ್ಟ" ಅಂತ ಬಿಡಬಾರದು. ಒಂದು ಕಣ್ಣು ಸೋಮಾರಿಯಾಗಿ ನೋಟ ಕಲಿಯುವುದನ್ನೇ ಬಿಟ್ಟರೆ, ಏಳೆಂಟು ವರ್ಷದೊಳಗೆ ಸರಿ ಮಾಡಿಸಿದಷ್ಟು ಸುಲಭ ಆಮೇಲೆ ಇಲ್ಲ. ಶಾಲೆಗೆ ಬರುವ ಬಾಲ ಸ್ವಾಸ್ಥ್ಯ ತಂಡದವರು ಕಣ್ಣು ನೋಡಿ ಚೀಟಿ ಬರೆದು ಕೊಡುತ್ತಾರೆ, ಆ ಚೀಟಿ ಮಗುವಿನ ಬ್ಯಾಗಿನ ತಳದಲ್ಲೇ ಉಳಿದುಬಿಡುತ್ತದೆ. ಅದನ್ನು ತಾಯಿಯ ಕೈಗೆ ಮುಟ್ಟಿಸುವ ಜವಾಬ್ದಾರಿ ಯಾರಿಗಾದರೂ ಕೊಡಿ.

ತಡಮಾಡದೆ ಓಡಬೇಕಾದದ್ದನ್ನು ಕೆಂಪಿನಲ್ಲಿ ಬರೆಸಿ. ರೇಷ್ಮೆ ಹುಳು ಸಾಕುವ ಮನೆಗೆ ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕುವಾಗ ಕಣ್ಣಿಗೆ ಬಿದ್ದರೆ ಅಲ್ಲೇ, ಆ ಕ್ಷಣವೇ ನಲ್ಲಿ ತಿರುಗಿಸಿ ಕಾಲು ಗಂಟೆಗಿಂತ ಜಾಸ್ತಿ ಹೊತ್ತು ಕಣ್ಣು ತೊಳೆಯಬೇಕು, ಆಮೇಲೆ ಆಸ್ಪತ್ರೆಗೆ. ಹಿಪ್ಪುನೇರಳೆ ಕಡ್ಡಿ ಕಣ್ಣಿಗೆ ಹೊಡೆದರೆ ನಂದಿಬಟ್ಟಲು ರಸ, ಎದೆಹಾಲು ಯಾವುದೂ ಬೇಡ. ಮೆಡಿಕಲ್ ಶಾಪಿನಲ್ಲಿ "ಕಣ್ಣು ಕೆಂಪಾಗಿದೆ, ಡ್ರಾಪ್ಸ್ ಕೊಡಿ" ಅಂತ ಕೇಳೋದೂ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕಡ್ಡಿಯಿಂದ ಬಂದ ಫಂಗಸ್ ಇನ್ನೂ ಹೆಚ್ಚುತ್ತದೆ. ಅದನ್ನೇ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಕಣ್ಣ ಮುಂದೆ ಮಿಂಚು ಹೊಡೆದಂತೆ, ಕಪ್ಪು ಚುಕ್ಕಿ ಸುರಿದಂತೆ, ಪರದೆ ಇಳಿದಂತೆ ಆದರೆ ಅವತ್ತೇ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ನಾಳೆ ಅನ್ನುವಂತಿಲ್ಲ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದ ನಡೆಯುತ್ತಿದೆ. ರಾಜ್ಯ ಸರ್ಕಾರದ ಕಣ್ಣು ತಪಾಸಣೆ ಯೋಜನೆ ಆಶಾಕಿರಣ ಬಂದಾಗ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೇ ಬಂದು ಕಣ್ಣು ನೋಡಿದರು, ಎಷ್ಟೋ ಜನಕ್ಕೆ ಕನ್ನಡಕ ಸಿಕ್ಕಿತು. ಅದಕ್ಕೂ ಮುಂಚೆ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಕ್ಯಾಂಪ್ ಮಾಡಿ ಪೊರೆ ತೆಗೆದರು. ನಮ್ಮ ಅಜ್ಜಿಯ ಕಾಲದವರು ಅವರ ಹೆಸರು ಹೇಳುವಾಗ ಕೈ ಮುಗಿಯುತ್ತಿದ್ದರು. ಆ ಕ್ಯಾಂಪುಗಳಿಂದ ಒಂದು ವಿಷಯ ಜನಕ್ಕೆ ಚೆನ್ನಾಗಿ ತಿಳಿಯಿತು, ಪೊರೆ ತೆಗೆಸಿದರೆ ಕಣ್ಣು ಬರುತ್ತದೆ ಅಂತ. ಹಾಗಾಗಿ ವಯಸ್ಸಾದವರಿಗೆ ಕಣ್ಣು ಮಂಜಾದರೆ "ಪೊರೆ ಇರಬೇಕು, ಬಲಿಯಲಿ, ಆಮೇಲೆ ತೆಗೆಸೋಣ" ಅಂತ ಕಾಯುತ್ತೇವೆ. ಅಜ್ಜ ಹಾಗೇ ಕಾದರು. ಅವರಿಗಿದ್ದದ್ದು ಗ್ಲಾಕೋಮಾ ಇರಬಹುದು ಅಂತ ಈಗ ಅನ್ನಿಸುತ್ತದೆ. ಪೊರೆಯ ಬಗ್ಗೆ ತಿಳಿಸಿದಷ್ಟೇ ಶ್ರದ್ಧೆಯಿಂದ ಇದನ್ನೂ ತಿಳಿಸಿ ಅಂತ ಕೇಳಿಕೊಳ್ಳುತ್ತಿದ್ದೇನೆ.

ಬೋರ್ಡು ಬರೀ ಆಸ್ಪತ್ರೆಯ ಕಾರಿಡಾರಿನಲ್ಲಿ ಹಾಕಬೇಡಿ. ಆಸ್ಪತ್ರೆಗೆ ಬಂದವರು ಹೇಗೂ ಬಂದಾಗಿದೆ. ಗೂಡಿನ ಮಾರುಕಟ್ಟೆಯಲ್ಲಿ ಹಾಕಿ, ರೇಷನ್ ಡಿಪೋದಲ್ಲಿ ಹಾಕಿ, ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ, ಬಾಗೇಪಲ್ಲಿ ಬಸ್ ಸ್ಟ್ಯಾಂಡಿನಲ್ಲಿ, ಹಾಲಿನ ಡೇರಿಯ ಗೋಡೆಯ ಮೇಲೆ ಹಾಕಿ. ಕನ್ನಡದಲ್ಲಿ ದೊಡ್ಡದಾಗಿ ಬರೆಸಿ, ಕೆಳಗೆ ತೆಲುಗು ಮತ್ತು ಉರ್ದುವಿನಲ್ಲೂ ಇರಲಿ. ನಮ್ಮ ಜಿಲ್ಲೆಯಲ್ಲಿ ಮನೆಯೊಳಗಿನ ಮಾತು ಯಾವುದು ಅಂತ ನಿಮಗೆ ಗೊತ್ತೇ ಇದೆ. ಓದಲು ಬಾರದವರಿಗೆ ಚಿತ್ರ ಹಾಕಿಸಿ. ಕೊನೆಯಲ್ಲಿ ಆಯಾ ತಾಲ್ಲೂಕಿನ ನೇತ್ರಾಧಿಕಾರಿ ಯಾವ ವಾರ, ಎಷ್ಟು ಹೊತ್ತಿಗೆ, ಯಾವ ರೂಮಿನಲ್ಲಿ ಸಿಗುತ್ತಾರೆ ಅಂತ ಬರೆಸಿ. ಎಲ್ಲಕ್ಕಿಂತ ಆ ಸಾಲೇ ಮುಖ್ಯ. ಅಕ್ಟೋಬರ್ ತಿಂಗಳ ಎರಡನೇ ಗುರುವಾರ ವಿಶ್ವ ದೃಷ್ಟಿ ದಿನ. ಪ್ರತಿವರ್ಷ ಬ್ಯಾನರ್ ಹಿಡಿದು ಜಾಥಾ ಮಾಡುವ ದುಡ್ಡಿನಲ್ಲೇ ಈ ಬೋರ್ಡುಗಳು ಆಗಬಹುದು.

ಮೊದಲ ಬೋರ್ಡಿಗೆ ಜಾಗ ನಾನು ಕೊಡುತ್ತೇನೆ. ನನ್ನ ಅಂಗಡಿಯ ಬೀದಿ ಕಡೆಯ ಗೋಡೆ ಖಾಲಿ ಇದೆ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ, ನಾನೇ ಟೇಪು ಹಿಡಿದು ಅಳೆದಿದ್ದೇನೆ. ಗೂಡು ಹೊತ್ತು ಮಾರುಕಟ್ಟೆಗೆ ಹೋಗುವವರು ಬೆಳಗ್ಗೆ ಅದರ ಮುಂದೆಯೇ ಹೋಗುತ್ತಾರೆ. ಪಕ್ಕದ ಜಗುಲಿಯ ಮೇಲೆ ಅಮ್ಮ ಕೂತಿರುತ್ತಾರೆ. ಓದಲು ಬಾರದವರಿಗೆ ತಾನು ಓದಿ ಹೇಳುತ್ತೇನೆ ಅಂದಿದ್ದಾರೆ. ದೊಡ್ಡ ಅಕ್ಷರ ಅವರಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ. ಎಡಗಡೆ ಮಾತ್ರ ಸ್ವಲ್ಪ ಕತ್ತು ತಿರುಗಿಸಬೇಕು.

ಇಂತಿ ನಿಮ್ಮ ವಿಶ್ವಾಸಿ,
ಶಿಡ್ಲಘಟ್ಟದ ಒಬ್ಬ ಟೈಲರ್